ಏಳು ದಿನದ ಟೇಪು ಎರಡು ವರ್ಷ ಕೂತಿದ್ದು ಯಾಕೆ?

ಮೇ ತಿಂಗಳು. ವಿಜಯಪುರದಲ್ಲಿ ರಾತ್ರಿ 2:40ಕ್ಕೂ ಗೋಡೆ ಮುಟ್ಟಿದರೆ ಬಿಸಿ. ಕರೆಂಟ್ ಹೋಗಿ ಅರ್ಧ ಗಂಟೆಯಾಗಿತ್ತು. ಇನ್ವರ್ಟರ್ ಮೇಲೆ ಒಂದು ಫ್ಯಾನು, ಒಂದು ರೌಟರ್ ಓಡುತ್ತಿದ್ದವು. ಆಗ ಫೋನ್ ಬಂತು: ‘ಸ್ಕ್ರಾಚ್ ಇಲ್ಲ, ಬ್ಯಾಕಪ್ ಜಾಬುಗಳೆಲ್ಲ ನಿಂತಿವೆ.’

ನಾನು ಮೇನ್‌ಫ್ರೇಮಿನ, ಅಂದರೆ ದೊಡ್ಡ ಕಂಪನಿಗಳು ಬಳಸುವ ಭಾರಿ ಕಂಪ್ಯೂಟರಿನ, ಸ್ಟೋರೇಜ್ ನೋಡಿಕೊಳ್ಳುವವನು. ಗ್ರಾಹಕರು ಯುರೋಪಿನ ಒಂದು ಇನ್ಶೂರೆನ್ಸ್ ಕಂಪನಿ. ಯಂತ್ರ ಅಲ್ಲಿ, ಬ್ಯಾಕಪ್ ಟೇಪುಗಳ ಕಪಾಟು ಅಂದರೆ ಟೇಪ್ ಲೈಬ್ರರಿ ಅಲ್ಲಿ, ನಾನು ಇಲ್ಲಿ. 2020ರಲ್ಲಿ ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಿ ಊರಿಗೆ ಬಂದವನು ಮತ್ತೆ ಹೋಗಲೇ ಇಲ್ಲ. ಅಲ್ಲಿ ರಾತ್ರಿ 11:10 ಆದಾಗ ನಮಗೆ 2:40. ಹಾಗಾಗಿ ಅಲ್ಲಿನ ಬ್ಯಾಕಪ್ ಸಮಯ ಅಂದರೆ ನನ್ನ ನಿದ್ದೆಯ ಸಮಯ.

ಕನ್ಸೋಲಿನಲ್ಲಿ ಸಿಬಿಆರ್3660ಎ ಮೆಸೇಜು ಕೂತಿತ್ತು. ಲೈಬ್ರರಿಗೆ ಸ್ಕ್ರಾಚ್ ಟೇಪು ಹಾಕಿ ಅಂತ ಕೇಳುವ ಮೆಸೇಜದು. ಸ್ಕ್ರಾಚ್ ಅಂದರೆ ಖಾಲಿ ಟೇಪು, ಯಾರು ಬೇಕಾದರೂ ಬರೆಯಬಹುದಾದದ್ದು. ಇಲ್ಲಿ ಬಳಸುತ್ತಿದ್ದದ್ದು 3592 ಕಾರ್ಟ್ರಿಡ್ಜ್, ಜೆಬಿ ಜಾತಿ. ನಮ್ಮ ಡ್ರೈವಿನಲ್ಲಿ ಒಂದಕ್ಕೆ 1 ಟೆರಾಬೈಟ್ ಹಿಡಿಯುತ್ತದೆ. ಡೇಟಾ ಸೆಂಟರಿನ ಆಪರೇಟರ್ ಸ್ಟೋರ್ ರೂಮಿನಲ್ಲಿದ್ದ 20 ಹೊಸ ಕಾರ್ಟ್ರಿಡ್ಜ್ ಹುಡುಕಿ ತಂದ, ನಾವು ಅವನ್ನು ಸಿಸ್ಟಮ್ಮಿಗೆ ಸೇರಿಸಿದೆವು, ಜಾಬುಗಳು ಓಡಿದವು. ನಾಲ್ಕೂವರೆಗೆ ಅಮ್ಮ ಎದ್ದು ‘ಇನ್ನಾ ಮಲಗಿಲ್ಲೇನೋ?’ ಅಂದಳು. ಇಲ್ಲ ಅಂದೆ.

ಇನ್ನು ಕಥೆಗೆ ಬೇಕಾದಷ್ಟು ಮಾತ್ರ ಹಿನ್ನೆಲೆ. ಇಲ್ಲಿ ಟೇಪುಗಳ ಲೆಕ್ಕ ಇಡುವುದು ಐಬಿಎಂನ ಡಿಎಫ್‌ಎಸ್‌ಎಂಎಸ್ ಆರ್‌ಎಂಎಂ ಅನ್ನುವ ಸಾಫ್ಟ್‌ವೇರ್. ಯಾವ ಡೇಟಾ ಸೆಟ್ (ಮೇನ್‌ಫ್ರೇಮಿನ ಫೈಲು) ಎಷ್ಟು ದಿನ ಇರಬೇಕು, ಎಲ್ಲಿ ಇರಬೇಕು ಅನ್ನುವುದನ್ನು ವಿಆರ್‌ಎಸ್ ಅನ್ನುವ ನಿಯಮಗಳಲ್ಲಿ ಬರೆದಿಡುತ್ತೇವೆ. ದಿನಾ ಒಮ್ಮೆ ಇಡಿಜಿಎಚ್‌ಎಸ್‌ಕೆಪಿ ಅನ್ನುವ ಹೌಸ್‌ಕೀಪಿಂಗ್ ಜಾಬು ಓಡುತ್ತದೆ. ಅದರಲ್ಲಿ ಮೂರು ಕೆಲಸ ಮುಖ್ಯ. ವಿಆರ್‌ಎಸ್‌ಇಎಲ್ ಪ್ರತಿ ಡೇಟಾ ಸೆಟ್ಟಿಗೂ ನಿಯಮ ಹೊಂದಿಸಿ ಇದನ್ನು ಇಡಬೇಕೋ ಬಿಡಬೇಕೋ ಹೇಳುತ್ತದೆ. ಡಿಸ್ಟೋರ್ ಯಾವ ಟೇಪು ಎಲ್ಲಿಗೆ ಹೋಗಬೇಕು ಅಂತ ಬರೆಯುತ್ತದೆ. ಎಕ್ಸ್‌ಪ್ರಾಕ್ ಅವಧಿ ಮುಗಿದ ಟೇಪನ್ನು ಬಿಡುಗಡೆ ಮಾಡಿ ಮತ್ತೆ ಸ್ಕ್ರಾಚ್ ಮಾಡುತ್ತದೆ. ಡೇಟಾ ಸೆಂಟರಿನಿಂದ ದೂರ ಒಂದು ವಾಲ್ಟ್ ಇದೆ, ಬೆಂಕಿಯೋ ನೆರೆಯೋ ಆದರೆ ಅಲ್ಲಿಯ ಟೇಪು ಉಳಿಯಲಿ ಅಂತ. ಟೇಪುಗಳನ್ನು ಅಲ್ಲಿಗೆ ಒಯ್ಯುವುದು, ತರುವುದು ಒಂದು ಕೊರಿಯರ್ ವ್ಯಾನು.

ಸ್ಕ್ರಾಚ್ ಖಾಲಿಯಾದರೆ ಮೊದಲು ನೋಡುವುದು ಹೌಸ್‌ಕೀಪಿಂಗ್ ಓಡಿದೆಯಾ ಅಂತ. ಓಡಿತ್ತು, ದಿನಾ ಸೊನ್ನೆ ರಿಟರ್ನ್ ಕೋಡು, ಅಂದರೆ ತಪ್ಪಿಲ್ಲದೆ ಮುಗಿದಿದೆ. ಅಬೆಂಡ್ ಆದ (ಮಧ್ಯದಲ್ಲೇ ಕೆಟ್ಟು ನಿಂತ) ಜಾಬುಗಳ ಟೇಪು, ಕ್ಲೋಸ್ ಆಗದೇ ಉಳಿದ ಟೇಪು, ಇವಕ್ಕೆ ಬೇರೆ ವಿಶೇಷ ವಿಆರ್‌ಎಸ್ ಇರುತ್ತದೆ, ಕೆಲವು ಕಡೆ ಅಲ್ಲೇ ರಾಶಿ ಬಿದ್ದಿರುತ್ತದೆ. ಅಲ್ಲಿ ಆರೇಳು ಟೇಪು, ಅಷ್ಟೇ.

ಆಮೇಲೆ ದಾರಿಯಲ್ಲಿರುವ ಟೇಪುಗಳ ಪಟ್ಟಿ ತೆಗೆದೆ. 112! ಲೈಬ್ರರಿಯಿಂದ ಹೊರಟಿವೆ, ವಾಲ್ಟ್ ತಲುಪಿಲ್ಲ, ಹಾಗಂತ ಆರ್‌ಎಂಎಂ ಹೇಳುತ್ತಿದೆ. ಕೆಲವು ಐದು ತಿಂಗಳಿಂದ ‘ದಾರಿಯಲ್ಲಿ’ ಇದ್ದವು. ಐದು ತಿಂಗಳಲ್ಲಿ ನಮ್ಮ ಜಿಲ್ಲೆಯ ಇಂಡಿ ಊರಿನ ನಿಂಬೆಹಣ್ಣಿನ ಲಾರಿ ಕಾಶ್ಮೀರಕ್ಕೆ ಹತ್ತು ಸಲ ಹೋಗಿ ಬರುತ್ತದೆ.

ಕಾರಣ ಸುಲಭಕ್ಕೆ ಸಿಕ್ಕಿತು. ಟೇಪು ವಾಲ್ಟ್ ಸೇರಿದ ಮೇಲೆ ಯಾರಾದರೂ ‘ಸೇರಿತು’ ಅಂತ ಖಚಿತ ಮಾಡಬೇಕು, ಅದಕ್ಕೆ ಕನ್‌ಫರ್ಮ್‌ಮೂವ್ ಕಮಾಂಡು. ವಾಲ್ಟಿನವರು ಕಳಿಸುವ ಪಟ್ಟಿ ಓದಿ ಒಂದು ಜಾಬು ಆ ಕಮಾಂಡನ್ನು ತಾನೇ ಕೊಡುತ್ತಿತ್ತು. ಐದು ತಿಂಗಳ ಹಿಂದೆ ಅವರು ಟೆಕ್ಸ್ಟ್ ಫೈಲಿನ ಬದಲು ಪಿಡಿಎಫ್ ಕಳಿಸಲು ಶುರು ಮಾಡಿದರು. ನಮ್ಮ ಜಾಬಿಗೆ ಇನ್‌ಪುಟ್ ಖಾಲಿ. ಖಾಲಿ ಫೈಲು ಓದಿ, ಮಾಡಲು ಕೆಲಸ ಇಲ್ಲ ಅಂತ ಸೊನ್ನೆ ಕೋಡಿನಲ್ಲಿ ಮುಗಿಯುತ್ತಿತ್ತು, ದಿನಾ. ಯಾರೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಖಚಿತ ಮಾಡದಿದ್ದರೆ ಏನು ತೊಂದರೆ, ಟೇಪು ಹೇಗೂ ವಾಲ್ಟಿನಲ್ಲೇ ಇದೆ ಅಲ್ವಾ ಅನಿಸಬಹುದು. ತೊಂದರೆ ಇದೆ. ಒಂದು ಟೇಪು ಚಲನೆಯಲ್ಲಿದೆ ಅಂತ ಲೆಕ್ಕದಲ್ಲಿ ಇರುವ ತನಕ ಡಿಸ್ಟೋರ್ ಅದಕ್ಕೆ ಹೊಸ ಚಲನೆ ಕೊಡುವುದಿಲ್ಲ, ನೀವಾಗಿ ರೀಅಸೈನ್ ಅಂತ ಹೇಳದ ಹೊರತು. ಅಂದರೆ ಆ ಟೇಪಿನ ಅವಧಿ ಮುಗಿದರೂ ‘ವಾಪಸ್ ತನ್ನಿ’ ಪಟ್ಟಿಯಲ್ಲಿ ಅದರ ಹೆಸರು ಬರುವುದಿಲ್ಲ. ವಾಪಸ್ ಬರದಿದ್ದರೆ ಸ್ಕ್ರಾಚ್ ಆಗುವುದಿಲ್ಲ.

ಇಲ್ಲಿ ಎಲ್ಲವನ್ನೂ ಒಂದೇ ಕಮಾಂಡಿನಲ್ಲಿ ಖಚಿತ ಮಾಡಿಬಿಡುವ ಆಸೆ ಬರುತ್ತದೆ, ವಾಲ್ಯೂಮ್, ಅಂದರೆ ಟೇಪಿನ, ಹೆಸರಿನ ಜಾಗದಲ್ಲಿ ‘ಎಲ್ಲವೂ’ ಅನ್ನುವ ಒಂದು ನಕ್ಷತ್ರ ಹಾಕಿದರೆ ಸಾಕು. ಹಾಗೆ ಮಾಡಲಿಲ್ಲ. ಮೊದಲು ವಾಲ್ಟಿನವರಿಗೆ ಕಪಾಟು ತೆರೆದು ಕೈಯಿಂದ ಎಣಿಸಿ ಅಂದೆವು. 111 ಸಿಕ್ಕವು. ಒಂದು ಸಿಗಲಿಲ್ಲ. ಸಿಕ್ಕವನ್ನಷ್ಟೇ ಖಚಿತ ಮಾಡಿದೆವು. ಮರುದಿನದ ಹೌಸ್‌ಕೀಪಿಂಗಿನಲ್ಲಿ 38 ಟೇಪು ವಾಪಸ್ ಪಟ್ಟಿಗೆ ಬಂದವು. ವ್ಯಾನು ತಂತು, ಲೈಬ್ರರಿಗೆ ಹಾಕಿದ ಕೂಡಲೇ ಅವುಗಳ ಚಲನೆ ತಾನಾಗಿ ಖಚಿತವಾಯಿತು, ನಂತರ ಸ್ಕ್ರಾಚ್ ಆದವು. ಮ್ಯಾನೇಜರ್ ‘ಕಾರಣ ಸಿಕ್ಕಿತು, ಟಿಕೆಟ್ ಮುಚ್ಚು’ ಅಂದರು. ಎಲ್ಲರಿಗೂ ಖುಷಿ.

ನನಗೆ ಮಾತ್ರ ಸಮಾಧಾನ ಇರಲಿಲ್ಲ, ಅದಕ್ಕೆ ಕಾರಣ ಒಂದು ಗ್ರಾಫು. ದಿನಾ ಬೆಳಿಗ್ಗೆ ಎಷ್ಟು ಸ್ಕ್ರಾಚ್ ಉಳಿದಿವೆ ಅನ್ನುವ ಸಂಖ್ಯೆ ಹಳೆಯ ರಿಪೋರ್ಟುಗಳಲ್ಲಿ ಇತ್ತು, ಅದನ್ನೆಲ್ಲ ಒಂದು ಎಕ್ಸೆಲ್ ಶೀಟಿಗೆ ಹಾಕಿದ್ದೆ. ಗೆರೆ ಐದು ತಿಂಗಳ ಹಿಂದೆ ಜಾಸ್ತಿ ಬಾಗಿದ್ದು ನಿಜ, ಅದು ಪಿಡಿಎಫ್ ಪುಣ್ಯ. ಆದರೆ ಅದಕ್ಕೂ ಮುಂಚೆ, ಸುಮಾರು 22 ತಿಂಗಳಿಂದ, ಗೆರೆ ನಿಧಾನಕ್ಕೆ ಇಳಿಯುತ್ತಲೇ ಇತ್ತು. ಅಳೆದು ನೋಡಿದರೆ ದಿನಕ್ಕೆ ಒಂದು. ಕನ್‌ಫರ್ಮ್ ಸರಿ ಮಾಡಿದ ಮೇಲೂ ಇಳಿಯುತ್ತಿತ್ತು, ದಿನಕ್ಕೆ ಒಂದು. ಪ್ರತಿ ರಾತ್ರಿ ಒಂದೇ ಒಂದು ಟೇಪು ಹೋಗಿ ವಾಪಸ್ ಬರುತ್ತಿರಲಿಲ್ಲ. ಇಷ್ಟು ನಿಖರವಾಗಿ ಸೋರುವುದು ಆಕಸ್ಮಿಕ ಅಲ್ಲ, ಯಾರೋ ಒಂದು ಜಾಬು ಅದನ್ನು ಮಾಡುತ್ತಿದೆ.

ಹಾಗಾಗಿ ಆರ್‌ಎಂಎಂ ಲೆಕ್ಕದ ರಿಪೋರ್ಟ್ ಎಕ್ಸ್‌ಟ್ರಾಕ್ಟ್ ತೆಗೆದು, ಐಸ್‌ಟೂಲ್ ಅನ್ನುವ ಉಪಕರಣದಲ್ಲಿ ಯಾವ ವಿಆರ್‌ಎಸ್ ಎಷ್ಟು ವಾಲ್ಯೂಮ್ ಹಿಡಿದಿದೆ ಅಂತ ಎಣಿಸಿದೆ. ಮೊದಲೇ ಮಾಡಬೇಕಿತ್ತು ಇದನ್ನು. ಪಟ್ಟಿಯ ಎರಡನೇ ಸಾಲಿನಲ್ಲೇ ಉತ್ತರ ಇತ್ತು: ಲೆಡ್ಜರ್ (ಕಂಪನಿಯ ಲೆಕ್ಕದ ಪುಸ್ತಕ) ದೈನಂದಿನ ಬ್ಯಾಕಪ್ಪಿನ ವಿಆರ್‌ಎಸ್, 694 ವಾಲ್ಯೂಮ್. ನಮ್ಮ ದಾಖಲೆಯಲ್ಲಿ ಅದು ಹಿಡಿಯಬೇಕಿದ್ದದ್ದು 30.

ಯಾಕೆ ಯಾರಿಗೂ ಕಾಣಲಿಲ್ಲ? ಎಲ್ಲರೂ ನೋಡುತ್ತಿದ್ದದ್ದು ದೊಡ್ಡ ಸಾಮಾನ್ಯ ವಿಆರ್‌ಎಸ್ಸನ್ನು. ಪ್ರೊಡಕ್ಷನ್ ಬ್ಯಾಕಪ್ ಹೆಸರಿನಿಂದ ಶುರುವಾಗಿ ಕೊನೆಗೆ ಎರಡು ನಕ್ಷತ್ರ ಇರುವ ಮಾಸ್ಕು (ಹೆಸರಿನ ಮಾದರಿ), 7 ಸೈಕಲ್ ಅಂದರೆ ಇತ್ತೀಚಿನ 7 ಪ್ರತಿ ಇಡು, ಲೈಬ್ರರಿಯಲ್ಲೇ ಇಡು. ಸರಿಯಾಗೇ ಇದೆ. ಆದರೆ ಆರ್‌ಎಂಎಂನಲ್ಲಿ ಒಂದು ಡೇಟಾ ಸೆಟ್ಟಿಗೆ ಎರಡು ಮಾಸ್ಕು ಹೊಂದಿದರೆ ಹೆಚ್ಚು ನಿರ್ದಿಷ್ಟವಾದದ್ದು ಗೆಲ್ಲುತ್ತದೆ. ಲೆಡ್ಜರಿಗೆ ಅಂತಲೇ ಬೇರೆ ವಿಆರ್‌ಎಸ್ ಇತ್ತು, ಅದರಲ್ಲಿ ಸೈಕಲ್ ಸಂಖ್ಯೆಯೇ ಇಲ್ಲ. ಇದ್ದದ್ದು ವೈಲ್‌ಕ್ಯಾಟಲಾಗ್: ಕ್ಯಾಟಲಾಗಿನಲ್ಲಿ, ಅಂದರೆ ಸಿಸ್ಟಮ್ಮಿನ ಫೈಲುಗಳ ಸೂಚಿಯಲ್ಲಿ, ಹೆಸರು ಇರುವ ತನಕ ಟೇಪು ಇರಲಿ, ವಾಲ್ಟಿನಲ್ಲಿ ಇರಲಿ.  ಒಳ್ಳೆಯ ಪದ್ಧತಿಯೇ, ಕ್ಯಾಟಲಾಗನ್ನು ಯಾರಾದರೂ ಖಾಲಿ ಮಾಡುತ್ತಿದ್ದರೆ.

ಲೆಡ್ಜರ್ ಬ್ಯಾಕಪ್ ಒಂದು ಜಿಡಿಜಿ, ಅಂದರೆ ಒಂದೇ ಹೆಸರಿನ ಫೈಲುಗಳ ಸರಣಿ. ದಿನಾ ಹೊಸ ತಲೆಮಾರು ಹುಟ್ಟುತ್ತದೆ, ಮಿತಿ ದಾಟಿದರೆ ಹಳೆಯದು ಕ್ಯಾಟಲಾಗಿನಿಂದ ಉದುರುತ್ತದೆ, ಉದುರಿದ್ದನ್ನು ನೋಡಿ ಆರ್‌ಎಂಎಂ ಟೇಪು ಬಿಡುತ್ತದೆ. ಮಿತಿ 30 ಇತ್ತು. ಈಗ ಲಿಸ್ಟ್‌ಕ್ಯಾಟ್ ಕಮಾಂಡು ಕೊಟ್ಟು ನೋಡಿದರೆ ಮಿತಿ 999, ಪಕ್ಕದಲ್ಲಿ ಎಕ್ಸ್‌ಟೆಂಡೆಡ್ ಅಂತ! ಮಾಮೂಲಿ ಜಿಡಿಜಿಗೆ 255 ತಲೆಮಾರಿಗಿಂತ ಜಾಸ್ತಿ ಆಗುವುದಿಲ್ಲ. ಜ಼ಡ್/ಒಎಸ್ (ಮೇನ್‌ಫ್ರೇಮಿನ ಆಪರೇಟಿಂಗ್ ಸಿಸ್ಟಮ್) 2.2ರಲ್ಲಿ, 2015ರಲ್ಲಿ, ಎಕ್ಸ್‌ಟೆಂಡೆಡ್ ಜಿಡಿಜಿ ಬಂದ ಮೇಲೆ 999ರ ತನಕ ಹೋಗಬಹುದು. 22 ತಿಂಗಳ ಹಿಂದೆ ಒಂದು ಪ್ರಾಜೆಕ್ಟಿನಲ್ಲಿ ಯಾರೋ ಈ ಜಿಡಿಜಿಯ ಬೇಸನ್ನು ಹೊಸದಾಗಿ ಡಿಫೈನ್ ಮಾಡುವಾಗ ಇರಲಿ ಬಿಡು ಅಂತ ಗರಿಷ್ಠ ಸಂಖ್ಯೆ ಹೊಡೆದಿದ್ದಾರೆ. ದಿನಕ್ಕೊಂದರಂತೆ 999 ಅಂದರೆ ಎರಡು ವರ್ಷ ಒಂಬತ್ತು ತಿಂಗಳು. ಅಲ್ಲಿಯ ತನಕ ಒಂದೂ ಉದುರುವುದಿಲ್ಲ. ಟೇಪಿನ ಕಡೆ ಯಾರೂ ಏನೂ ಬದಲಾಯಿಸಿಲ್ಲ. ವಿಆರ್‌ಎಸ್ ಹಳೆಯದೇ, ಅದಕ್ಕೆ ಏನು ಹೇಳಿದ್ದರೋ ಅದನ್ನೇ ಪ್ರಾಮಾಣಿಕವಾಗಿ ಮಾಡುತ್ತಿತ್ತು.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಅದೇ ಪ್ರಾಜೆಕ್ಟಿನಲ್ಲಿ ಇನ್ನೊಂದು ಕೆಲಸವೂ ಆಗಿತ್ತು, ನನ್ನ ಲೆಕ್ಕದಲ್ಲಿ ನಿಜವಾದ ಕಿತಾಪತಿ ಅದೇ. ಟೇಪ್ ಮೌಂಟ್ (ಡ್ರೈವಿಗೆ ಟೇಪು ಹಾಕುವುದು) ಕಡಿಮೆ ಮಾಡಲು ಆರು ಬ್ಯಾಕಪ್ಪುಗಳನ್ನು ಒಂದೇ ಕಾರ್ಟ್ರಿಡ್ಜಿನ ಮೇಲೆ ಸಾಲಾಗಿ ಬರೆಯಲು ಶುರು ಮಾಡಿದ್ದರು. ಮೊದಲ ಫೈಲು ಲೆಡ್ಜರ್, ಎರಡರಿಂದ ಆರು ಬೇರೆ ಬೇರೆ. ಆ ಐದಕ್ಕೆ ಸಾಮಾನ್ಯ ವಿಆರ್‌ಎಸ್, 7 ಸೈಕಲ್, ಲೈಬ್ರರಿ. ಲೆಡ್ಜರಿಗೆ ವೈಲ್‌ಕ್ಯಾಟಲಾಗ್, ವಾಲ್ಟ್. ಎಲ್ಲ ಒಂದೇ ಟೇಪಿನ ಮೇಲೆ.

ಇಲ್ಲಿ ನಮ್ಮ ಕಡೆಯ ಹಗೇವು ನೆನಪಾಗುತ್ತದೆ. ನೆಲದೊಳಗೆ ತೋಡಿ ಜೋಳ ತುಂಬಿ ಬಾಯಿ ಮುಚ್ಚಿಡುತ್ತಿದ್ದರಲ್ಲ, ಅದು. ನನ್ನಜ್ಜನ ಮನೆ ಮುಂದೆ ಒಂದಿತ್ತು. ಅದರಿಂದ ಇವತ್ತು ಒಂದು ಸೇರು, ನಾಳೆ ಒಂದು ಸೇರು ಅಂತ ತೆಗೆಯುವ ಪದ್ಧತಿ ಇಲ್ಲ, ತೆಗೆದರೆ ಪೂರ್ತಿ ತೆಗೆಯುವುದು. ಟೇಪೂ ಹಾಗೇ. ಎಷ್ಟು ದಿನ ಇಡಬೇಕು ಅಂತ ನಿರ್ಧಾರ ಆಗುವುದು ಒಂದೊಂದು ಡೇಟಾ ಸೆಟ್ಟಿಗೆ, ಆದರೆ ಬಿಡುಗಡೆ ಆಗುವುದು ಇಡೀ ವಾಲ್ಯೂಮು. ಮೇಲಿನ ಆರರಲ್ಲಿ ಐದು ಸತ್ತು ಎರಡು ವರ್ಷವಾಗಿದ್ದರೂ ಒಂದು ಬದುಕಿದ್ದರೆ ಟೇಪು ಅಲ್ಲಾಡುವುದಿಲ್ಲ. ಚಲನೆಯೂ ಇಡೀ ವಾಲ್ಯೂಮಿಗೆ. ಒಂದು ಫೈಲಿಗೆ ಲೈಬ್ರರಿ, ಇನ್ನೊಂದಕ್ಕೆ ವಾಲ್ಟ್ ಅಂತ ಬಂದರೆ ಸ್ಥಳಗಳಿಗೆ ಕೊಟ್ಟಿರುವ ಪ್ರಯಾರಿಟಿ ನೋಡಿ ಆರ್‌ಎಂಎಂ ತೀರ್ಮಾನ ಮಾಡುತ್ತದೆ, ಸಂಖ್ಯೆ ಚಿಕ್ಕದಾದಷ್ಟೂ ಬಲ ಜಾಸ್ತಿ. ವಾಲ್ಟಿನ ಸಂಖ್ಯೆ ಚಿಕ್ಕದು. ಹಾಗಾಗಿ ಲೈಬ್ರರಿಯಲ್ಲೇ ಇರಬೇಕಿದ್ದ ಐದು ಫೈಲುಗಳು ಲೆಡ್ಜರಿನ ಬೆನ್ನು ಹತ್ತಿ ಮರುದಿನವೇ ವಾಲ್ಟಿಗೆ ಹೋಗುತ್ತಿದ್ದವು.

ಇದು ಗೊತ್ತಾದ ಮೇಲೆ ಹಳೆಯ ಟಿಕೆಟ್‌ಗಳನ್ನು ಹುಡುಕಿದೆ. ನಾಲ್ಕು ಸಿಕ್ಕವು. ನಾಲ್ಕರಲ್ಲೂ ಒಂದೇ ದೂರು: ‘ನಿನ್ನೆಯ ಫೈಲು ರಿಸ್ಟೋರ್ ಮಾಡಬೇಕು, ಟೇಪು ಲೈಬ್ರರಿಯಲ್ಲಿ ಇಲ್ಲ.’ ನಾಲ್ಕಕ್ಕೂ ಒಂದೇ ಉತ್ತರ: ‘ವಾಲ್ಟಿನಿಂದ ತರಿಸಲಾಗಿದೆ, ಟಿಕೆಟ್ ಮುಚ್ಚಲಾಗಿದೆ.’ ಒಂದನ್ನು ಮುಚ್ಚಿದವನು ನಾನೇ. 7 ದಿನ ಲೈಬ್ರರಿಯಲ್ಲಿ ಇರಬೇಕಾದ ಫೈಲು ಒಂದೇ ದಿನಕ್ಕೆ ವಾಲ್ಟಿಗೆ ಯಾಕೆ ಹೋಯಿತು ಅಂತ ಆಗ ಕೇಳಿದ್ದರೆ, ಆ ಟೇಪಿನ ಮೇಲೆ ಲಿಸ್ಟ್‌ವಾಲ್ಯೂಮ್ ಹಾಕಿ ಉಳಿದ ಫೈಲುಗಳನ್ನು ನೋಡಿದ್ದರೆ, ಸ್ಕ್ರಾಚ್ ಖಾಲಿಯಾಗುವ ಒಂದು ವರ್ಷ ಮುಂಚೆಯೇ ಸಿಗುತ್ತಿತ್ತು. ಟೇಪು ತಪ್ಪು ಜಾಗದಲ್ಲಿದೆ ಅನ್ನುವುದು ನಮಗೆ ವ್ಯಾನಿನ ಸಮಸ್ಯೆಯಾಗಿ ಕಂಡಿತು. ಟೇಪು ಸಾಯುತ್ತಿಲ್ಲ ಅನ್ನುವ ಸುಳಿವೂ ಅದರಲ್ಲೇ ಇತ್ತು.

ಕಾರ್ಟ್ರಿಡ್ಜುಗಳ ಒಳಗೆ ಏನಿತ್ತು ಅಂತಲೂ ನೋಡಿದೆ. ಆರೂ ಫೈಲು ಸೇರಿ ಒಂದು ರಾತ್ರಿಗೆ 60 ಜಿಬಿಗೂ ಕಡಿಮೆ. 1 ಟೆರಾಬೈಟಿನ ಟೇಪಿನಲ್ಲಿ ನೂರಕ್ಕೆ ಆರು ಭಾಗವೂ ತುಂಬಿರಲಿಲ್ಲ. 694 ಕಾರ್ಟ್ರಿಡ್ಜು, ಬಹುಪಾಲು ಗಾಳಿ.

ಈಗ ಸರಿ ಮಾಡುವುದು. ಟೀಮಿನ ಹುಡುಗ ಒಬ್ಬ ಕಾಲ್‌ನಲ್ಲೇ ‘ಸರ್, ಆಲ್ಟರ್ ಕೊಟ್ಟು ಲಿಮಿಟ್ 30 ಮಾಡಿಬಿಡ್ಲಾ?’ ಅಂದ. ಬೆರಳು ಎಂಟರ್ ಮೇಲೆ ಇತ್ತೇನೋ. ಬೇಡ ಅಂದೆ, ಸ್ವಲ್ಪ ಜೋರಾಗೇ ಅಂದೆ. ಮಿತಿ ಇಳಿಸಿದರೆ ಜಾಸ್ತಿ ಇರುವ ಹಳೆಯ ತಲೆಮಾರುಗಳು ಆಗಲೇ ಉದುರುತ್ತವೆ, ಮುಂದಿನ ಬ್ಯಾಕಪ್ಪಿನ ತನಕವೂ ಕಾಯುವುದಿಲ್ಲ. ಆ ರಾತ್ರಿಯ ವಿಆರ್‌ಎಸ್‌ಇಎಲ್ ಅವು ಕ್ಯಾಟಲಾಗಿನಲ್ಲಿ ಇಲ್ಲ ಅಂತ ನೋಡಿ 660ಕ್ಕೂ ಜಾಸ್ತಿ ಟೇಪನ್ನು ಒಂದೇ ಏಟಿಗೆ ಕೈಬಿಡುತ್ತದೆ. ಎಷ್ಟು ಟೇಪು ಒಮ್ಮೆಲೇ ಬಿಡುಗಡೆ ಆಗುತ್ತಿದ್ದರೆ ನಿಲ್ಲಿಸಬೇಕು ಅಂತ ಹೇಳುವ ವಿಆರ್‌ಎಸ್‌ಡ್ರಾಪ್ ಅನ್ನುವ ಆಯ್ಕೆ ಪಾರ್ಮ್‌ಲಿಬ್ ಅನ್ನುವ ಸೆಟ್ಟಿಂಗುಗಳ ಜಾಗದಲ್ಲಿದೆ, ನಮ್ಮಲ್ಲಿ ಅದನ್ನು ನಮಗೆ ಬೇಕಾದಂತೆ ಹೊಂದಿಸಿರಲಿಲ್ಲ. ಮುಖ್ಯವಾಗಿ, 999 ಅಂತ ಯಾಕೆ ಹಾಕಿದರು ಅನ್ನುವುದೇ ಇನ್ನೂ ಗೊತ್ತಿರಲಿಲ್ಲ. ಬೇಕಾಬಿಟ್ಟಿ ಹಾಕಿರಬಹುದು. ಯಾರೋ ಕೇಳಿರಲೂಬಹುದು.

ಕೇಳಿದ್ದರು! ಮೂರು ದಿನ ಬೆನ್ನು ಹತ್ತಿದ ಮೇಲೆ ಗ್ರಾಹಕರ ಆಡಿಟ್ ವಿಭಾಗದಿಂದ ಉತ್ತರ ಬಂತು. ತಿಂಗಳ ಕೊನೆಯ ಲೆಡ್ಜರ್ ಪ್ರತಿ 7 ವರ್ಷ ಬೇಕು, ದಿನದ ಪ್ರತಿ 35 ದಿನ ಸಾಕು. ತಿಂಗಳ ಕೊನೆಗೆ ಬೇರೆ ಬ್ಯಾಕಪ್ ಮಾಡುವ ಬದಲು ಯಾರೋ ದಿನದ್ದನ್ನೇ ಉದ್ದ ಎಳೆದಿದ್ದರು. ಹೇಗೂ 999ರಿಂದ 7 ವರ್ಷ ಸಿಗುವುದಿಲ್ಲ, ಮೂರು ವರ್ಷವೂ ಸಿಗುವುದಿಲ್ಲ. ಅಂದರೆ ಇದ್ದ ನಿಯಮ ಒಂದು ಕಡೆ ಜಾಸ್ತಿ ಇಡುತ್ತಿತ್ತು, ಇನ್ನೊಂದು ಕಡೆ ಕಡಿಮೆ ಇಡುತ್ತಿತ್ತು. ಆ ಎಂಟರ್ ಒತ್ತಿದ್ದರೆ ಆ ಎಲ್ಲ ತಿಂಗಳುಗಳ ಲೆಕ್ಕ ಸ್ಕ್ರಾಚ್ ಪೂಲಿಗೆ ಹೋಗಿ ಮೇಲೆ ಇನ್ನೇನೋ ಬರೆಯಲ್ಪಡುತ್ತಿತ್ತು.

ಮೊದಲು ತಿಂಗಳ ಕೊನೆಯ 22 ಟೇಪುಗಳನ್ನು ವಾಲ್ಟಿನಿಂದ ತರಿಸಿದೆವು. ಲೆಡ್ಜರ್ ಫೈಲನ್ನು ಮಾತ್ರ ಹೊಸ ಹೆಸರಿಗೆ ಕಾಪಿ ಮಾಡಿದೆವು, ಆ ಹೆಸರಿಗೆ ಹೊಸ ವಿಆರ್‌ಎಸ್: 2557 ದಿನ, ವಾಲ್ಟ್. 2555 ಅಲ್ಲ, 7 ವರ್ಷದಲ್ಲಿ ಎರಡು ಅಧಿಕ ವರ್ಷ ಬರಬಹುದು, ಆಡಿಟ್‌ನವರು ಎರಡು ದಿನಕ್ಕೂ ಜಗಳ ಮಾಡುತ್ತಾರೆ. 22 ತಿಂಗಳ ಲೆಡ್ಜರ್ ಎರಡು ಕಾರ್ಟ್ರಿಡ್ಜಿನಲ್ಲಿ ಆರಾಮಾಗಿ ಕೂತಿತು. ಅಲ್ಲೂ ಒಂದರ ಮೇಲೊಂದು ಪೇರಿಸಿದ್ದೇ, ಕೊನೆಯ ತಿಂಗಳು ಸಾಯುವ ತನಕ ಮೊದಲ ತಿಂಗಳೂ ಇರುತ್ತದೆ. ಇರಲಿ, ಇಲ್ಲಿ ಅದರಿಂದ ನಷ್ಟ ಇಲ್ಲ. ಎರಡು ಟೇಪಿಗೆ ಯಾರು ಅಳುತ್ತಾರೆ.

ಆಮೇಲೆ ಜಾಬ್ ಒಡೆದೆವು. ಲೆಡ್ಜರ್ ಅದರ ಟೇಪಿಗೆ, ಉಳಿದ ಐದು ಬೇರೆ ಟೇಪಿಗೆ. ಅವಧಿಯೂ ಹೋಗಬೇಕಾದ ಜಾಗವೂ ಒಂದೇ ಇರುವ ಫೈಲುಗಳು ಮಾತ್ರ ಒಂದೇ ಟೇಪಿನಲ್ಲಿ. ಮೌಂಟ್ ಒಂದು ಜಾಸ್ತಿಯಾಯಿತು ಅಂತ ಆಪರೇಷನ್ಸ್‌ನವರು ಗೊಣಗಿದರು.

ಕೊನೆಗೆ ದಿನದ ಲೆಡ್ಜರಿನ ವಿಆರ್‌ಎಸ್ಸನ್ನು ವೈಲ್‌ಕ್ಯಾಟಲಾಗಿನಿಂದ 35 ಸೈಕಲಿಗೆ ಬದಲಾಯಿಸುವುದು. ವಿಆರ್‌ಎಸ್‌ಇಎಲ್ಲಿಗೆ ವೆರಿಫೈ ಸೇರಿಸಿದರೆ ಅದು ಲೆಕ್ಕ ಹಾಕುತ್ತದೆ, ಏನನ್ನೂ ಮುಟ್ಟುವುದಿಲ್ಲ, ಏನು ಬದಲಾಗುತ್ತಿತ್ತು ಅಂತ ಆ್ಯಕ್ಟಿವಿಟಿ ಫೈಲಿನಲ್ಲಿ ಬರೆದಿಡುತ್ತದೆ. ಇಡಿಜಿಜೆಎಸಿಟಿಪಿ ಅನ್ನುವ ಸ್ಯಾಂಪಲ್ ಜಾಬಿನಿಂದ ಆ ಫೈಲಿನ ರಿಪೋರ್ಟ್ ತೆಗೆದೆವು. 659 ವಾಲ್ಯೂಮ್ ಬಿಡುಗಡೆ. ಪಟ್ಟಿಯನ್ನು ಅಪ್ಲಿಕೇಶನ್ ಟೀಮಿಗೆ ಕೊಟ್ಟು ಸಹಿ ತೆಗೆದುಕೊಂಡೆವು.

ಆದರೂ ಒಂದೇ ದಿನ ಮಾಡಲಿಲ್ಲ. ಕಾರಣ ತೀರಾ ಸಾದಾ: ವ್ಯಾನು ವಾಪಸ್ ಟೇಪು ತರುವುದು ವಾರಕ್ಕೆ ಎರಡು ಸಲ, ಸಲಕ್ಕೆ ಮೂರು ಡಬ್ಬ, ಡಬ್ಬಕ್ಕೆ 20 ಟೇಪು. ವಾರಕ್ಕೆ 120. ಲೈಬ್ರರಿಯ ಬಾಗಿಲಲ್ಲಿ ಒಂದು ಸಲಕ್ಕೆ ಹಿಡಿಸುವುದು 16, ಅದನ್ನು ಹಾಕುತ್ತ ನಿಲ್ಲುವವನು ಒಬ್ಬ ಮನುಷ್ಯ. 659 ಹೆಸರಿನ ಪಟ್ಟಿ ಒಮ್ಮೆಲೇ ಕಳಿಸಿದರೆ ವಾಲ್ಟಿನವರು ಅರ್ಧ ತೆಗೆದು, ಅರ್ಧ ಬಿಟ್ಟು, ಮತ್ತೆ ದಾರಿಯಲ್ಲಿರುವ ಟೇಪುಗಳ ಗೊಂದಲ ಶುರು. ಹಾಗಾಗಿ ಸೈಕಲ್ ಸಂಖ್ಯೆಯನ್ನೇ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದೆವು: 580, 460, 340, 220, 100, 35. ಆರು ವಾರ. ಸ್ಕ್ರಾಚ್ ಆದ ಟೇಪಿನ ಹೆಸರುಗಳನ್ನು ಆರ್‌ಎಂಎಂ ತಾನೇ ಕ್ಯಾಟಲಾಗಿನಿಂದ ತೆಗೆಯುವಂತೆ ಮೊದಲೇ ಸೆಟ್ ಆಗಿತ್ತು, ಹಾಗಾಗಿ ಕ್ಯಾಟಲಾಗೂ ಜೊತೆಗೇ ಸಪೂರ ಆಯಿತು. ಎಲ್ಲ ಮುಗಿದ ಮೇಲೆ ಜಿಡಿಜಿ ಮಿತಿ 40ಕ್ಕೆ ಇಳಿಸಿದೆವು, ಆಗ ಉದುರಲು ಏನೂ ಉಳಿದಿರಲಿಲ್ಲ.

ಪಿಡಿಎಫ್ ಕಥೆಗೆ ಒಂದು ಸಣ್ಣ ತಿದ್ದುಪಡಿ: ಪಟ್ಟಿ ಖಾಲಿ ಬಂದರೆ ಜಾಬು ಈಗ ತಪ್ಪಾಗಿದೆ ಅನ್ನುವ 8 ಕೋಡಿನಲ್ಲಿ ಮುಗಿಯುತ್ತದೆ, ಯಾರಿಗಾದರೂ ಫೋನ್ ಹೋಗುತ್ತದೆ. ಆ ಯಾರಾದರೂ ಅನ್ನುವವನು ಬಹುತೇಕ ನಾನೇ. ಮೂರು ದಿನ ಸತತ ದಾರಿಯಲ್ಲೇ ಇರುವ ಟೇಪಿನ ಪಟ್ಟಿ ಬೆಳಿಗ್ಗೆ ಮೇಲ್‌ಗೆ ಬರುತ್ತದೆ. ಇನ್ನೊಂದು ಪಟ್ಟಿಯೂ ಬರುತ್ತದೆ, ಒಂದೇ ವಾಲ್ಯೂಮಿನಲ್ಲಿ ಎರಡು ಬೇರೆ ಸ್ಥಳದ ವಿಆರ್‌ಎಸ್ ಹೊಂದಿದ ಫೈಲುಗಳು ಇದ್ದರೆ ಅವುಗಳದ್ದು. ಮೊದಲ ದಿನ ಅದರಲ್ಲಿ ಇನ್ನೂ ಮೂರು ಜಾಬುಗಳ ಟೇಪು ಸಿಕ್ಕವು. ಅವು ಸಣ್ಣವು, ಸಂಜೆಯೊಳಗೆ ಒಡೆದೆವು.

ಆ ಒಂದು ಟೇಪು, 112ನೆಯದು, ಇವತ್ತಿಗೂ ಸಿಕ್ಕಿಲ್ಲ. ವ್ಯಾನಿನವನ ರಸೀದಿಯಲ್ಲಿ ಅದರ ನಂಬರ್ ಇದೆ, ವಾಲ್ಟಿನ ರಸೀದಿಯಲ್ಲಿ ಇಲ್ಲ. ಅದರ ಮೇಲಿದ್ದ ಫೈಲುಗಳ ಅವಧಿ ಎಂದೋ ಮುಗಿದಿದೆ, ಖಚಿತ ಮಾಡಿ ಕೈ ತೊಳೆದುಕೊಳ್ಳಿ ಅಂತ ಎರಡು ಸಲ ಮೇಲ್ ಬಂತು. ಇಲ್ಲದ ಟೇಪನ್ನು ಇದೆ ಅಂತ ನಾನು ಹೇಗೆ ಖಚಿತ ಮಾಡಲಿ? ದಿನಾ ಬೆಳಿಗ್ಗೆ ಪಟ್ಟಿಯ ಮೊದಲ ಸಾಲಿನಲ್ಲಿ ಅದರ ಹೆಸರು ಬರುತ್ತದೆ: ದಾರಿಯಲ್ಲಿದೆ.